ಹಾವಿಗೊಂದು ಪೆಟ್ಟಿಗೆ: ಒಳಗೆ ಏನೇನಿರಬೇಕು, ನಮ್ಮ ಮನೆಗಳಲ್ಲಿ ಏಕೆ ಬೇಡ

ಕೈಯಲ್ಲೊಂದು ಫೋನು ಬಂದ ಮೇಲೆ ನಮ್ಮ ಗಡಿನಾಡಿನ ಮಕ್ಕಳು ದೂರದ ದೇಶಗಳ ಬದುಕನ್ನು ದಿನವೂ ನೋಡುತ್ತಿದ್ದಾರೆ. ಅಮೆರಿಕದ ಹುಡುಗನೊಬ್ಬ ಗಾಜಿನ ಪೆಟ್ಟಿಗೆಯಿಂದ ಕಿತ್ತಳೆ ಬಣ್ಣದ ಹಾವನ್ನು ಎತ್ತಿ ಕೊರಳಿಗೆ ಸುತ್ತಿಕೊಳ್ಳುವ ದೃಶ್ಯವನ್ನು ಕಂಡ ಮಗು, ಮರುದಿನ ತರಗತಿಯಲ್ಲಿ ಕೈಯೆತ್ತಿ ಕೇಳುತ್ತದೆ: ನಾವೂ ಹಾಗೆ ಸಾಕಬಾರದೇಕೆ? ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಗದರಿಸಿ ಸುಮ್ಮನಾಗಿಸಿದರೆ ಕುತೂಹಲವು ಸಾಯುವುದಿಲ್ಲ. ಅದು ಗದ್ದೆಯ ಬದುವಿಗೆ, ತೋಡಿನ ಬದಿಗೆ ಹೋಗುತ್ತದೆ. ಕಡೆಗೆ ನೀರೊಳ್ಳೆಯೆಂದು ತಿಳಿದು ಹಿಡಿದ ಯಾವುದೋ ಮರಿ ಹಾವು ಪ್ಲಾಸ್ಟಿಕ್ ಡಬ್ಬಿಯೊಳಗೆ ಮನೆಗೆ ಬರುತ್ತದೆ.

ಆದುದರಿಂದ ಆ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನೇ ಕೊಡುವುದು ಲೇಸು. ಹಾವನ್ನು ಸಾಕಲು ಅನುಮತಿಯಿರುವ ದೇಶಗಳಲ್ಲಿ ಅದರ ಪೆಟ್ಟಿಗೆಯನ್ನು ಹೇಗೆ ಸಿದ್ಧಪಡಿಸುತ್ತಾರೆ, ನಮ್ಮ ದೇಶದ ಕಾನೂನು ಏನು ಹೇಳುತ್ತದೆ, ಆ ಪೆಟ್ಟಿಗೆಯ ಪಾಠದಿಂದ ನಮ್ಮ ಮನೆ ಮತ್ತು ಶಾಲೆಗಳು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ಒಂದೊಂದಾಗಿ ವಿವರಿಸುತ್ತೇವೆ.

ಯಾವ ಹಾವು?

ಪಾಶ್ಚಾತ್ಯ ದೇಶಗಳಲ್ಲಿ ಮೊದಲ ಬಾರಿಗೆ ಹಾವು ಸಾಕುವವರಿಗೆ ಸಾಮಾನ್ಯವಾಗಿ ಸೂಚಿಸುವುದು ಕಾರ್ನ್ ಸ್ನೇಕ್ ಎಂಬ ಹಾವನ್ನು. ಇದು ಅಮೆರಿಕದ ಆಗ್ನೇಯ ಭಾಗದ್ದು; ವಿಷವಿಲ್ಲದ್ದು; ನಮ್ಮ ಕೇರೆ ಹಾವಿನ ಕುಟುಂಬಕ್ಕೇ ಸೇರಿದುದು. ಜೋಳದ ಕಣಜಗಳ ಸುತ್ತ ಇಲಿಗಳನ್ನು ಅರಸಿ ಬರುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಬೆಳೆದಾಗ 3ರಿಂದ 5 ಅಡಿ ಉದ್ದವಿರುತ್ತದೆ. ಅಲ್ಲಿ ಮಾರುವ ಕಾರ್ನ್ ಸ್ನೇಕ್‌ಗಳಲ್ಲಿ ಬಹುಪಾಲು ಕಾಡಿನಿಂದ ಹಿಡಿದು ತಂದವುಗಳಲ್ಲ. ಅನೇಕ ತಲೆಮಾರುಗಳಿಂದ ಪೆಟ್ಟಿಗೆಗಳಲ್ಲಿಯೇ ಹುಟ್ಟಿ ಬೆಳೆದವುಗಳು. ಇದನ್ನು ಮೊದಲು ನೆನಪಿಡಬೇಕು. ಪರದೆಯ ಮೇಲಿನ ಹುಡುಗನ ಕೈಯಲ್ಲಿರುವುದು ಬೇಲಿಯ ಬದಿಯಲ್ಲಿ ಸಿಕ್ಕಿದ ಹಾವಲ್ಲ.

ಪೆಟ್ಟಿಗೆಯ ಅಳತೆ ಮತ್ತು ಬೀಗ

ಹಾವು ತನ್ನ ಪೂರ್ಣ ಉದ್ದಕ್ಕೆ ಮೈ ಚಾಚುವಷ್ಟು ಸ್ಥಳ ಇರಬೇಕೆಂಬುದು ಈಗಿನ ತಿಳಿವಳಿಕೆ. ಬೆಳೆದ ಕಾರ್ನ್ ಸ್ನೇಕ್‌ಗೆ ಸುಮಾರು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ ಬೇಕು. ಒಂದು ಪೆಟ್ಟಿಗೆಗೆ ಒಂದೇ ಹಾವು. ಹಾವುಗಳಿಗೆ ಜೊತೆ ಬೇಕಾಗಿಲ್ಲ. ಎರಡನ್ನು ಕೂಡಿಹಾಕಿದರೆ ಅವು ಒತ್ತಡಕ್ಕೆ ಒಳಗಾಗುತ್ತವೆ, ಕೆಲವೊಮ್ಮೆ ಒಂದು ಇನ್ನೊಂದನ್ನು ನುಂಗುವುದೂ ಉಂಟು.

ಮುಚ್ಚಳವು ಭದ್ರವಾಗಿರಬೇಕು, ಅದಕ್ಕೆ ಕೊಂಡಿ ಅಥವಾ ಬೀಗ ಇರಬೇಕು. ಹಾವಿನ ತಲೆ ತೂರುವಷ್ಟು ಸಂದು ಇದ್ದರೆ ಮೈಯೂ ಸಾಮಾನ್ಯವಾಗಿ ಹಿಂಬಾಲಿಸುತ್ತದೆ. ಮುಚ್ಚಳವನ್ನು ಮೂಗಿನಿಂದ ಎತ್ತಿ ನೋಡುವುದು, ಮೂಲೆಗಳನ್ನು ತಡಕುವುದು ಹಾವಿನ ನಿತ್ಯದ ಕೆಲಸ. ಅನುಭವಿಗಳು ಹಾವನ್ನು ತರುವುದಕ್ಕೆ ಒಂದು ವಾರ ಮೊದಲೇ ಪೆಟ್ಟಿಗೆಯನ್ನು ಸಿದ್ಧಪಡಿಸಿ, ಶಾಖ, ತೇವ, ಬೀಗ ಎಲ್ಲವೂ ಸರಿಯಿವೆಯೇ ಎಂದು ಪರೀಕ್ಷಿಸುತ್ತಾರೆ. ಮನೆ ಮೊದಲು, ಹಾವು ಅನಂತರ.

ಬೆಚ್ಚಗಿನ ತುದಿ, ತಂಪಿನ ತುದಿ

ಹಾವು ನಮ್ಮಂತೆ ತನ್ನ ಮೈಯೊಳಗೆ ಶಾಖವನ್ನು ಉಂಟುಮಾಡಿ ಕಾಯ್ದುಕೊಳ್ಳಲಾರದು. ಬಿಸಿಲಿಗೆ ಬಂದು ಕಾಯುತ್ತದೆ, ನೆರಳಿಗೆ ಸರಿದು ತಣಿಯುತ್ತದೆ. ನುಂಗಿದ ಆಹಾರ ಜೀರ್ಣವಾಗಬೇಕಾದರೂ ಸರಿಯಾದ ಶಾಖ ಬೇಕು. ಆದುದರಿಂದ ಪೆಟ್ಟಿಗೆಯ ಒಂದು ತುದಿಯನ್ನು 30ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಯೂ ಇನ್ನೊಂದು ತುದಿಯನ್ನು 22ರಿಂದ 25 ಡಿಗ್ರಿಯಲ್ಲಿಯೂ ಇಡುತ್ತಾರೆ. ಎಲ್ಲಿರಬೇಕೆಂಬುದನ್ನು ಹಾವೇ ಆರಿಸಿಕೊಳ್ಳುತ್ತದೆ.

ಈ ಬಿಸಿಗಾಗಿ ವಿದ್ಯುತ್ ದೀಪವನ್ನೋ ಪೆಟ್ಟಿಗೆಯ ತಳದ ಮೂರನೆಯ ಒಂದು ಭಾಗದ ಕೆಳಗೆ ಬಿಸಿಹಾಸನ್ನೋ ಅಳವಡಿಸುತ್ತಾರೆ. ಅದಕ್ಕೆ ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ. ಎರಡೂ ತುದಿಗಳಲ್ಲಿ ಒಂದೊಂದು ಉಷ್ಣಮಾಪಕವೂ ಬೇಕು. ವಿದ್ಯುತ್ತಿನಿಂದ ಬಿಸಿಯಾಗುವ ಕೃತಕ ಕಲ್ಲುಗಳನ್ನು ಬಳಸಬಾರದು. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಹಾವು ಅದರ ಮೇಲಿಂದ ಸರಿಯದೇ ಇರಬಹುದು. ಗಾಜಿನ ಪೆಟ್ಟಿಗೆಯನ್ನು ನೇರ ಬಿಸಿಲಿನಲ್ಲಂತೂ ಇಡಲೇಬಾರದು; ಸ್ವಲ್ಪ ಹೊತ್ತಿನಲ್ಲಿಯೇ ಅದು ಕುಲುಮೆಯಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಬೇಸಗೆಯಲ್ಲಿ ಕೋಣೆಯ ಒಳಗೇ 40 ಡಿಗ್ರಿ ಸಮೀಪಿಸುವಾಗ, ಆ ತಂಪಿನ ತುದಿಯನ್ನು ಎಲ್ಲಿಂದ ತರುವುದು ಎಂಬುದನ್ನು ಓದುಗರು ಯೋಚಿಸಬೇಕು.

ಅಡಗುತಾಣ, ನೀರು, ನೆಲ

ಪೆಟ್ಟಿಗೆಯೊಳಗೆ ಎರಡು ಅಡಗುತಾಣಗಳಿರಬೇಕು. ಬಿಸಿಯ ತುದಿಯಲ್ಲೊಂದು, ತಂಪಿನ ತುದಿಯಲ್ಲೊಂದು. ಒಂದೇ ಇದ್ದರೆ ಹಾವು ಹೆದರಿಕೆಯಿಂದ ಅಲ್ಲಿಯೇ ಉಳಿದು, ಬೇಕಾದ ಶಾಖವನ್ನು ಬಿಟ್ಟುಬಿಡುತ್ತದೆ. ಅಡಗುತಾಣವು ವಿಶಾಲವಾಗಿರಬಾರದು. ಸುರುಳಿ ಸುತ್ತಿದಾಗ ಮೈ ಎಲ್ಲ ಕಡೆಯೂ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿದ್ದರೇ ಹಾವಿಗೆ ನೆಮ್ಮದಿ. ಅಡಗಲು ಸ್ಥಳವಿಲ್ಲದ ಹಾವು ಆಹಾರವನ್ನೇ ನಿರಾಕರಿಸಬಹುದು.

ಮೈ ಮುಳುಗಿಸಿ ಮಲಗಲಾಗುವಂಥ ಅಗಲವಾದ ನೀರಿನ ಪಾತ್ರೆ ಬೇಕು. ನೀರನ್ನು ದಿನವೂ ಬದಲಿಸಬೇಕು. ಗಾಳಿಯ ತೇವಾಂಶವು ನೂರಕ್ಕೆ 40ರಿಂದ 60ರಷ್ಟಿರಬೇಕು. ಪೊರೆ ಬಿಡುವ ಮೊದಲು ಹಾವಿನ ಕಣ್ಣು ನೀಲಿ ಮಿಶ್ರಿತ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಒದ್ದೆ ಪಾಚಿಯನ್ನು ತುಂಬಿದ ಸಣ್ಣ ಡಬ್ಬಿಯೊಂದನ್ನು ಒಳಗಿಟ್ಟರೆ ಪೊರೆಯು ಸುಲಭವಾಗಿ ಕಳಚುತ್ತದೆ. ತೇವ ಕಡಮೆಯಾದರೆ ಪೊರೆ ತುಂಡು ತುಂಡಾಗಿ ಮೈಗೆ ಅಂಟಿ ಉಳಿಯುತ್ತದೆ. ಹೆಚ್ಚಾದರೆ ಶ್ವಾಸದ ರೋಗ, ಚರ್ಮದ ಹುಣ್ಣು ಬರುತ್ತವೆ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುವ ಕಾಸರಗೋಡಿನ ಮನೆಯಲ್ಲಿ ಈ ಅಳತೆಯನ್ನು ಕಾಯುವುದು ಸುಲಭವಲ್ಲ.

ನೆಲಕ್ಕೆ ಆಸ್ಪೆನ್ ಮರದ ಸಿಪ್ಪೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡುತ್ತಾರೆ. ಹೊಸ ಹಾವಿಗೆ ಆರಂಭದಲ್ಲಿ ಕಾಗದವೇ ಸಾಕು, ಮಲದಲ್ಲಿ ರೋಗಲಕ್ಷಣವಿದ್ದರೆ ಕಾಣುತ್ತದೆ. ದೇವದಾರಿನಂತಹ ಸುಗಂಧದ ಮರದ ಹುಡಿ ಹಾವಿಗೆ ಹಾನಿಕರ.

ಆಹಾರ ಮತ್ತು ಹೊಣೆ

ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ. ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ; ದಿನಗಟ್ಟಲೆ ಬಾಯಾರಿಸಿದಾಗ ಮಾತ್ರ ಎದುರಿಗಿಟ್ಟ ಯಾವ ದ್ರವವನ್ನಾದರೂ ಹೀರುತ್ತದೆ. ಕಾರ್ನ್ ಸ್ನೇಕ್‌ನ ಆಹಾರ ಇಲಿ. ಜೀವಂತ ಇಲಿಯನ್ನು ಹಾಕಿದರೆ ಅದೇ ಹಾವನ್ನು ಕಚ್ಚಿ ಗಾಯಗೊಳಿಸಬಹುದಾದುದರಿಂದ, ಮೊದಲೇ ಕೊಂದು ಹಿಮಗಟ್ಟಿಸಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡುತ್ತಾರೆ. ಮರಿಗೆ 5ರಿಂದ 7 ದಿನಕ್ಕೊಮ್ಮೆ, ಬೆಳೆದ ಹಾವಿಗೆ 10ರಿಂದ 14 ದಿನಕ್ಕೊಮ್ಮೆ. ಮನೆಗೆ ತಂದ ಮೊದಲ ವಾರ ಹಾವನ್ನು ಮುಟ್ಟಬಾರದು; ಆಹಾರ ಕೊಟ್ಟ ಬಳಿಕ ಎರಡು ದಿನ ಎತ್ತಬಾರದು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರುವ ಸಂಭವ ಹೆಚ್ಚಾದುದರಿಂದ, ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯಲೇಬೇಕು. 5 ವರ್ಷಕ್ಕಿಂತ ಕಿರಿಯ ಮಕ್ಕಳಿರುವ ಮನೆಗೆ ಹಾವು ಬೇಡವೆಂದು ಅಮೆರಿಕದ ಆರೋಗ್ಯ ಅಧಿಕಾರಿಗಳೇ ಹೇಳುತ್ತಾರೆ.

ಇವೆಲ್ಲಕ್ಕಿಂತ ದೊಡ್ಡದು ಕಾಲದ ಲೆಕ್ಕ. ಚೆನ್ನಾಗಿ ಸಾಕಿದ ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ. 5ನೆಯ ತರಗತಿಯ ಮಗು ಇಂದು ಸಾಕಲು ತೊಡಗಿದರೆ, ಆ ಮಗು ಉದ್ಯೋಗ ಹಿಡಿದು ಸಂಸಾರ ಕಟ್ಟುವ ತನಕವೂ ಪೆಟ್ಟಿಗೆಯ ಶಾಖವನ್ನು ನೋಡಿಕೊಳ್ಳುತ್ತಿರಬೇಕು. ಬೇಸರವಾಯಿತೆಂದು ಬಯಲಿಗೆ ಬಿಡುವಂತಿಲ್ಲ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುನಾಡಿನಲ್ಲಿ ಸಾಕುಪ್ರಾಣಿಗಳಾಗಿ ಬಂದ ಬರ್ಮಾ ಹೆಬ್ಬಾವುಗಳು ತಪ್ಪಿಸಿಕೊಂಡೋ ಬಿಡಲ್ಪಟ್ಟೋ ಸಂತತಿ ಬೆಳೆಸಿ, ಅಲ್ಲಿನ ಸಣ್ಣ ಪ್ರಾಣಿಗಳನ್ನು ಬಹುಮಟ್ಟಿಗೆ ತಿಂದು ಬರಿದುಮಾಡಿವೆ.

ನಮ್ಮ ಕಾನೂನು

ಈಗ ನಮ್ಮ ದೇಶಕ್ಕೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ನಾಗರಹಾವು, ಕೊಳಕುಮಂಡಲ, ಕೇರೆ, ನೀರೊಳ್ಳೆ, ಹೆಬ್ಬಾವುಗಳೆಲ್ಲವೂ ಸಂರಕ್ಷಿತ ಪ್ರಾಣಿಗಳು. ಆ ಕಾಯಿದೆಯಲ್ಲಿ ಬೇಟೆ ಎಂಬ ಶಬ್ದಕ್ಕೆ ಕೊಲ್ಲುವುದೆಂದು ಮಾತ್ರ ಅರ್ಥವಲ್ಲ. ಹಿಡಿಯುವುದೂ ಬಲೆಗೆ ಕೆಡಹುವುದೂ ಬೇಟೆಯೇ. 2022ರ ತಿದ್ದುಪಡಿಯ ಬಳಿಕ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಹೆಬ್ಬಾವಿನಂತಹ 1ನೆಯ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಡಬ್ಬಿಯೊಳಗಿನ ಮರಿ ಹಾವು ಆಟದ ವಸ್ತುವಲ್ಲವೆಂಬುದನ್ನು ಪೋಷಕರು ಮಕ್ಕಳಿಗೆ ಹೇಳಬೇಕಾಗಿದೆ.

ವಿದೇಶಿ ಹಾವುಗಳ ಹಾದಿಯೂ ಸರಳವಲ್ಲ. ಆಫ್ರಿಕದ ಬಾಲ್ ಪೈಥಾನ್‌ನಂತಹ, ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಪಟ್ಟಿಯಲ್ಲಿಲ್ಲದ ಹಾವನ್ನು ತರಿಸಲಿಕ್ಕೂ ಆಮದಿನ ಪರವಾನಗಿ ಬೇಕು. ದಾಖಲೆಯಿಲ್ಲದೆ ಮಾರಾಟವಾಗುವ ವಿದೇಶಿ ಹಾವು ಕಳ್ಳಸಾಗಣೆಯದ್ದಾಗಿರುವ ಸಂಭವವೇ ಹೆಚ್ಚು. ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಬಚ್ಚಿಟ್ಟು ತಂದ ಹಾವುಗಳನ್ನು ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಸುಂಕದ ಅಧಿಕಾರಿಗಳು ಮತ್ತೆ ಮತ್ತೆ ಹಿಡಿದಿದ್ದಾರೆ.

ನಮ್ಮ ಬಯಲುಸೀಮೆಯ ಗಡಿಭಾಗಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಮಣ್ಣುಮುಕ್ಕ ಹಾವನ್ನು, ಅಂದರೆ ಜನ ಎರಡು ತಲೆಯ ಹಾವೆನ್ನುವುದನ್ನು, ಮನೆಯಲ್ಲಿಟ್ಟರೆ ಧನಲಾಭವೆಂಬ ಸುಳ್ಳನ್ನು ಹಬ್ಬಿಸಿ ಲಕ್ಷಗಟ್ಟಲೆ ಹಣ ಕೀಳುವ ದಂಧೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಲ್ಲಿ ನಡೆಯುತ್ತಿದೆ. ಅದಕ್ಕೆ ಎರಡು ತಲೆಯಿಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೇ. ಹೊಲದ ಇಲಿಗಳನ್ನು ತಿನ್ನುವ ಈ ಸಾಧು ಹಾವನ್ನು ಹಿಡಿದುಕೊಡಲು ಹೋಗಿ ಕೂಲಿ ಮಾಡುವ ಬಡವರು ಸೆರೆಮನೆ ಸೇರುತ್ತಾರೆ.

ಜತ್ತ ತಾಲೂಕಿರುವ ಸಾಂಗಲಿ ಜಿಲ್ಲೆಯಲ್ಲಿಯೇ ಶಿರಾಳಾ ಎಂಬ ಊರಿದೆ. ನಾಗರ ಪಂಚಮಿಗೆ ಜೀವಂತ ನಾಗರಹಾವುಗಳನ್ನು ಹಿಡಿದು ಮೆರೆಸುತ್ತಿದ್ದ ಅಲ್ಲಿನ ಹಳೆಯ ಪದ್ಧತಿಗೂ ಬಾಂಬೆ ಉಚ್ಚ ನ್ಯಾಯಾಲಯ ತಡೆ ಒಡ್ಡಿತು. ಭಕ್ತಿಯಿಂದ ಹಿಡಿದರೂ ಹಿಡಿದುದು ಹಿಡಿದುದೇ.

ಕಾನೂನಿನೊಳಗಿನ ಪೆಟ್ಟಿಗೆಗಳು

ಹಾಗೆಂದು ಹಾವನ್ನು ಹತ್ತಿರದಿಂದ ನೋಡುವ ಆಸೆಯನ್ನು ಮಕ್ಕಳು ಬಿಡಬೇಕಾಗಿಲ್ಲ. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನ, ಕಣ್ಣೂರಿನ ಪರಶ್ಶಿನಿಕಡವು ಹಾವಿನ ಉದ್ಯಾನ ಎರಡೂ ಕಾಸರಗೋಡಿನ ಶಾಲೆಗಳಿಗೆ ಒಂದು ದಿನದ ಪ್ರವಾಸದ ದೂರದಲ್ಲಿವೆ. ಪಿಲಿಕುಳದಲ್ಲಿ ಕಾಳಿಂಗ ಸರ್ಪಗಳ ಸಂತಾನೋತ್ಪತ್ತಿಯೂ ನಡೆದಿದೆ. ಅಲ್ಲಿ ನಿಂತು, ಅಡಗುತಾಣ ಎಲ್ಲಿದೆ, ನೀರೆಲ್ಲಿದೆ, ಬಿಸಿಲು ಬೀಳುವ ಮೂಲೆ ಯಾವುದು ಎಂದು ಮಕ್ಕಳಿಂದಲೇ ಗುರುತಿಸಿಸಿದರೆ ಮೇಲಿನ ಪಾಠವೆಲ್ಲ ಕಣ್ಣೆದುರು ಬರುತ್ತದೆ.

ತಮಿಳುನಾಡಿನ ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವಿದೆ. 1978ರಲ್ಲಿ ಸ್ಥಾಪನೆಯಾದ ಈ ಸಂಘದ ಇರುಳರು ಸರಕಾರದ ಪರವಾನಗಿಯೊಂದಿಗೆ ವಿಷದ ಹಾವುಗಳನ್ನು ಹಿಡಿದು, ಮಣ್ಣಿನ ಮಡಕೆಗಳಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಮಡಕೆಯೊಳಗೆ ಕತ್ತಲು, ತಂಪು, ಇಕ್ಕಟ್ಟು. ಹಾವಿಗೆ ಬೇಕಾದುದೂ ಅದೇ. ಸುಮಾರು ಮೂರು ವಾರಗಳಲ್ಲಿ ಕೆಲವು ಬಾರಿ ವಿಷ ತೆಗೆದು, ಹಾವನ್ನು ಮರಳಿ ಕಾಡಿಗೆ ಬಿಡುತ್ತಾರೆ. ಆ ವಿಷದಿಂದ ತಯಾರಾಗುವ ಪ್ರತಿವಿಷವೇ ನಮ್ಮ ಆಸ್ಪತ್ರೆಗಳಲ್ಲಿ ಮಗುವಿನ ಪ್ರಾಣ ಉಳಿಸುವುದು.

ಪಟ್ಟಿಯನ್ನು ತಿರುಗಿಸಿ ಓದೋಣ

ಪೆಟ್ಟಿಗೆಯ ಪಾಠ ನಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಇಕ್ಕಟ್ಟಾದ ಅಡಗುತಾಣ, ನೀರು, ಇಲಿ, ಬೆಚ್ಚಗಿನ ಮೂಲೆ, ತಲೆ ತೂರುವ ಸಂದು: ಇವಿಷ್ಟಿದ್ದರೆ ಹಾವು ನೆಮ್ಮದಿಯಿಂದಿರುತ್ತದೆ. ಇವೇ ನಮ್ಮ ಶಾಲೆಯ ಹಿಂಭಾಗದಲ್ಲಿದ್ದರೆ ಯಾರೂ ತಾರದೆ ಹಾವು ತಾನೇ ಬರುತ್ತದೆ.

2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರ ತರಗತಿಯೊಳಗೆ, ನೆಲದ ಬಿಲದಲ್ಲಿದ್ದ ಹಾವು ಕಚ್ಚಿ 5ನೆಯ ತರಗತಿಯ ಬಾಲಕಿಯೊಬ್ಬಳು ತೀರಿಕೊಂಡಳು. ಹಳೆಯ ಕಟ್ಟಡ, ಒಡೆದ ನೆಲ, ದುರಸ್ತಿಗೆ ಬಾರದ ಅನುದಾನ ನಮ್ಮ ಅನೇಕ ಕನ್ನಡ ಶಾಲೆಗಳಿಗೂ ಅಪರಿಚಿತವಲ್ಲ. ಆದುದರಿಂದ ಶಿಕ್ಷಕ ರಕ್ಷಕ ಸಂಘಗಳು ಪ್ರತಿ ಮಳೆಗಾಲದ ಮೊದಲು ಈ ಕೆಲಸಗಳನ್ನು ಮಾಡಿಸಲೇಬೇಕು.

ಅಡಗುತಾಣವನ್ನು ತೆಗೆಯುವುದು: ಹಳೆಯ ಬೆಂಚು, ಹೆಂಚು, ಕಲ್ಲುರಾಶಿ, ಸೌದೆಗಳನ್ನು ಗೋಡೆಗೆ ಒತ್ತಿ ಇಡಬಾರದು. ಸಂದನ್ನು ಮುಚ್ಚುವುದು: ನೆಲದ ಬಿರುಕು, ಗೋಡೆಯ ಬುಡದ ಬಿಲ, ಬಾಗಿಲ ಕೆಳಗಿನ ತೆರಪುಗಳಿಗೆ ಸಿಮೆಂಟು ಅಥವಾ ಪಟ್ಟಿ, ನೀರು ಹೋಗುವ ಕೊಳವೆಯ ಬಾಯಿಗೆ ಜಾಲರಿ. ಆಹಾರವನ್ನು ಇಲ್ಲವಾಗಿಸುವುದು: ಬಿಸಿಯೂಟದ ಅಕ್ಕಿಯನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು, ಉಳಿದ ಅನ್ನವನ್ನು ಹಿತ್ತಲಿಗೆ ಚೆಲ್ಲದಿದ್ದರೆ ಇಲಿ ಬಾರದು, ಇಲಿ ಬಾರದಿದ್ದರೆ ಹಾವಿಗೂ ಬರಲು ಕಾರಣವಿಲ್ಲ. ಮನೆಯಲ್ಲಿ ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿಕೊಳ್ಳಬೇಕು. ರಾತ್ರಿ ಸಂಚರಿಸುವ ಕಟ್ಟುಹಾವಿನ ಕಡಿತ ಅನೇಕ ವೇಳೆ ನೋವನ್ನೇ ಉಂಟುಮಾಡದು. ನಿದ್ದೆಯಲ್ಲಿದ್ದವರಿಗೆ ತಿಳಿಯದೆಯೂ ಹೋಗಬಹುದು.

ಗುರುತು ಮತ್ತು ಹೆಸರು

ಹಾವು ಯಾವುದೆಂದು ಗೊತ್ತಿದೆಯೆಂಬ ಧೈರ್ಯವೇ ಹಲವು ಅಪಾಯಗಳ ಮೂಲ. ವಿಷವಿಲ್ಲದ ತೋಳದ ಹಾವು ಕಟ್ಟುಹಾವನ್ನು ಹೋಲುತ್ತದೆ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಎತ್ತಿದವರು ಪ್ರಾಣ ಕಳೆದುಕೊಂಡದ್ದುಂಟು. ಭಾರತದಲ್ಲಿ 2000ರಿಂದ 2019ರ ವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆದುದರಿಂದ ಮಕ್ಕಳಿಗೆ ಒಂದೇ ನಿಯಮ ಸಾಕು: ಯಾವ ಹಾವನ್ನೂ, ಸತ್ತಂತೆ ಬಿದ್ದಿರುವುದನ್ನೂ, ಮುಟ್ಟಬಾರದು. ದೂರ ನಿಂತು ಹಿರಿಯರನ್ನು ಕರೆಯಬೇಕು. ಹಿರಿಯರು ಅರಣ್ಯ ಇಲಾಖೆಗೆ ತಿಳಿಸಬೇಕು. ಕೇರಳದಲ್ಲಿ ಇಲಾಖೆಯ ‘ಸರ್ಪ’ ಎಂಬ ಫೋನ್ ಆ್ಯಪ್ ಮೂಲಕ ತರಬೇತಾದ, ಪರವಾನಗಿಯಿರುವ ಹಾವು ರಕ್ಷಕರನ್ನು ಕರೆಸಬಹುದು.

ಕಚ್ಚಿದರೆ ಮಗುವನ್ನು ನಡೆಸಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಪಟ್ಟಿಗೆ ಕಟ್ಟಿ, ಬಿಗಿಯಾದ ಹಗ್ಗ ಬಿಗಿಯದೆ, ಗಾಯ ಕೊಯ್ಯದೆ, ವಿಷ ಹೀರದೆ, ಮಂತ್ರ ಮದ್ದೆಂದು ಹೊತ್ತು ಕಳೆಯದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬೇಕು. ಹಾವನ್ನು ಹುಡುಕುತ್ತ ಕೂರುವ ಅಗತ್ಯವಿಲ್ಲ. ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ.

ಆದರೆ ಅವರು ಕೇಳುವ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಅರ್ಥವಾಗಬೇಕು. ಗಡಿನಾಡಿನವರಿಗೆ ಇದು ಸಣ್ಣ ಮಾತಲ್ಲ. ಕನ್ನಡದ ಪಾಠದಲ್ಲಿ ಕೊಳಕುಮಂಡಲವೆಂದು ಕಲಿತ ಮಗುವಿಗೆ ಆಸ್ಪತ್ರೆಯಲ್ಲಿ ಆ ಹೆಸರೇ ಕೇಳಿಸುವುದಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಎಂಬ ಮೂರನ್ನು ಅನುಕ್ರಮವಾಗಿ ಮಲಯಾಳದಲ್ಲಿ ಮೂರ್ಖನ್, ವೆಳ್ಳಿಕ್ಕೆಟ್ಟನ್, ಅಣಲಿ ಎನ್ನುತ್ತಾರೆ. ತಮಿಳಿನಲ್ಲಿ ನಲ್ಲ ಪಾಂಬು, ಕಟ್ಟು ವಿರಿಯನ್, ಕಣ್ಣಾಡಿ ವಿರಿಯನ್. ಮರಾಠಿಯಲ್ಲಿ ನಾಗ, ಮಣ್ಯಾರ, ಘೋಣಸ. ತೆಲುಗಿನಲ್ಲಿ ನಾಗುಪಾಮು, ಕಟ್ಲಪಾಮು, ರಕ್ತಪಿಂಜರಿ. ಒಣನಾಡಿನ ಗರಗಸಮಂಡಲಕ್ಕೆ ಮರಾಠಿಯಲ್ಲಿ ಫುರಸೆ, ತಮಿಳಿನಲ್ಲಿ ಸುರುಟ್ಟೈ ವಿರಿಯನ್. ನಮ್ಮ ಕೇರೆಯೇ ಮಲಯಾಳದ ಚೇರ, ತಮಿಳಿನ ಸಾರೈ. ಒಡಹುಟ್ಟಿದ ಪದಗಳೆಂದು ಕಿವಿಗೇ ತಿಳಿಯುತ್ತದೆ.

ಪ್ರತಿ ಕನ್ನಡ ಶಾಲೆಯ ಗೋಡೆಯ ಮೇಲೆ ಈ ಹೆಸರುಗಳು ಕನ್ನಡದಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಜೊತೆಜೊತೆಯಾಗಿ ಇರಲಿ. ಅವುಗಳ ಕೆಳಗೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯ ಸಂಖ್ಯೆ, ಪ್ರತಿವಿಷ ದೊರೆಯುವ ಸಮೀಪದ ಆಸ್ಪತ್ರೆಯ ಹೆಸರು ಇರಲಿ. ಅರಣ್ಯ ಮತ್ತು ಆರೋಗ್ಯ ಇಲಾಖೆಗಳು ಹಂಚುವ ಎಚ್ಚರಿಕೆಯ ಹಾಳೆಗಳನ್ನು ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ಕನ್ನಡದಲ್ಲಿಯೇ ಕೊಡಬೇಕೆಂದು ಶಿಕ್ಷಕ ರಕ್ಷಕ ಸಂಘಗಳು ಬರವಣಿಗೆಯಲ್ಲಿ ಕೇಳಬೇಕು. ಕೇಳಿದ ಪತ್ರದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಹಾವು ಸಾಕಬೇಕೆಂದ ಮಗುವಿಗೆ ಆ ಗೋಡೆಯ ಚಿತ್ರಗಳನ್ನು ಬರೆಯುವ ಕೆಲಸವನ್ನು ಕೊಡೋಣ.